ಹೊಂಗೆಯ ಹೂವು, ಜೇನಿನ ಪೆಟ್ಟಿಗೆ

ಯುಗಾದಿಯ ನಂತರ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಹೂಬಿಟ್ಟ ಹೊಂಗೆ ಮರ ಕಂಡರೆ ಕ್ಷಣಕಾಲ ಅದರಡಿ ನಿಲ್ಲಿರಿ. ಜೇನ್ನೊಣಗಳ ಝೇಂಕಾರ ಕೇಳೀತು. ಯುರೋಪಿನ ಜೇನುಕೃಷಿಕರು ಬೇಸಿಗೆಯ ಸುಗ್ಗಿಗೆ ಲಿಂಡನ್ ಮರವನ್ನು ನೆಚ್ಚಿರುವಂತೆ, ನಮ್ಮ ನೊಣಗಳು ಹೊಂಗೆ, ನೇರಳೆ, ಹುಣಸೆಗಳನ್ನು ನೆಚ್ಚಿವೆ.

ಹಿಂದೆ ನಮ್ಮವರು ಹೊಗೆಯಿಟ್ಟು ನೊಣಗಳನ್ನು ಓಡಿಸಿ, ಎರಿಯನ್ನೇ ಹಿಂಡುತ್ತಿದ್ದರು, ಮರಿಗಳೂ ಸಾಯುತ್ತಿದ್ದವು. 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್, ನೊಣಗಳು ಓಡಾಟಕ್ಕೆಂದು ಬಿಡುವ ಕಿರಿದಾದ ಸಂದಿಯ ಮರ್ಮವನ್ನರಿತು, ಎತ್ತಿ ಇಡಬಲ್ಲ ಚೌಕಟ್ಟುಗಳ ಪೆಟ್ಟಿಗೆಯನ್ನು ರೂಪಿಸಿದರು. ತಿರುಚಿರಾಪಳ್ಳಿಯಲ್ಲಿದ್ದ ಫಾದರ್ ನ್ಯೂಟನ್ ನಮ್ಮ ತುಡುವೆ ಜೇನಿಗೊಪ್ಪುವ ಚಿಕ್ಕ ಪೆಟ್ಟಿಗೆಯನ್ನು ಸಿದ್ಧಪಡಿಸಿ, 1911ರಿಂದ 1917ರವರೆಗೆ ಹಳ್ಳಿಗರಿಗೆ ತರಬೇತಿ ನೀಡಿದರು. ಆ ಪೆಟ್ಟಿಗೆ ಕೊಡಗಿನ ತೋಟಗಳನ್ನೂ ಸೇರಿತು.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿತು. ಔಷಧವಿರಲಿಲ್ಲ. ಬದುಕುಳಿದ ಕೆಲವೇ ಕುಟುಂಬಗಳಿಂದ ಸಂತತಿ ಮತ್ತೆ ಚಿಗುರಿತು.

ಪೆಟ್ಟಿಗೆಯನ್ನು ಬಡಗಿ ಮಾಡಿಕೊಟ್ಟಾನು, ಹೂವನ್ನು ಮಾಡಲಾರ. ಪಾಸ್ಖ ಜಾಗರಣೆಯ ಸ್ತುತಿಗೀತೆ ನಮ್ಮ ಮೇಣದಬತ್ತಿಯಲ್ಲಿ ಜೇನ್ನೊಣಗಳ ದುಡಿಮೆಯನ್ನು ಸ್ಮರಿಸುತ್ತದೆ. ನೀವೂ ಆ ಋಣವನ್ನು ಸ್ಮರಿಸಿ, ಮನೆಯ ಮುಂದಿನ ಹೊಂಗೆಗೆ ಕೊಡಲಿ ಬೀಳದಂತೆ ಕಾಯಿರಿ.