ಯಾವೋಹಾನ್

ಜಪಾನಿನ ಶಿಜುವೊಕಾ ಪ್ರಾಂತದ ಅತಾಮಿ ಎಂಬ ಊರಿನಲ್ಲಿ 1930ರಲ್ಲಿ ತರಕಾರಿ ಅಂಗಡಿಯಾಗಿ ಶುರುವಾಗಿ, 1971ರಿಂದ ಮುಂದಿನ ಕಾಲು ಶತಮಾನದಲ್ಲಿ ದಕ್ಷಿಣ ಅಮೆರಿಕ, ಏಷ್ಯಾ, ಉತ್ತರ ಅಮೆರಿಕ, ಯುರೋಪುಗಳಿಗೆ ಹಬ್ಬಿ, 1997ರಲ್ಲಿ ದಿವಾಳಿ ಎದ್ದ ಮಳಿಗೆ ಸರಣಿ. ಉಚ್ಛ್ರಾಯ ಕಾಲದಲ್ಲಿ 16 ದೇಶಗಳಲ್ಲಿ ಇದರ ವಹಿವಾಟಿತ್ತು. ಇಡೀ ಗುಂಪಿನ ವಾರ್ಷಿಕ ಮಾರಾಟ ಸುಮಾರು 50,000 ಕೋಟಿ ಯೆನ್ ಮುಟ್ಟಿತ್ತು. ಹೊರದೇಶಗಳ ಗಿರಾಕಿಗಳಿಗೆ ಯಾವೋಹಾನ್ ಎಂದರೆ ಜಪಾನಿನ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್. ಜಪಾನಿನಲ್ಲಿ ಮಾತ್ರ ಅದು ಕೊನೆಯವರೆಗೂ ಒಂದು ಪ್ರಾಂತದ ಸೂಪರ್‌ಮಾರ್ಕೆಟ್ ಸರಣಿಯಾಗಿಯೇ ಉಳಿಯಿತು. ಸಂಸ್ಥೆಯ ಏಳುಬೀಳು ಎರಡಕ್ಕೂ ಈ ಅಂತರವೇ ಕಾರಣ.

ಅತಾಮಿ ಕಡಲ ದಡದಲ್ಲಿ, ಬೆಟ್ಟದ ಇಳಿಜಾರಿನಲ್ಲಿರುವ ಬಿಸಿನೀರಿನ ಬುಗ್ಗೆಗಳ ಊರು. ಟೋಕಿಯೋದಿಂದ ಸ್ನಾನಕ್ಕೂ ವಿಶ್ರಾಂತಿಗೂ ಬರುವವರಿಂದಲೇ ಅದರ ಬದುಕು ನಡೆಯುತ್ತಿತ್ತು. ಕಾತ್ಸು ವಾದಾ ಅವರ ತವರಿನವರು ಹತ್ತಿರದ ಒದವಾರಾದಲ್ಲಿ ಯಾವೋಹಾನ್ ಹೆಸರಿನ ತರಕಾರಿ ಅಂಗಡಿ ನಡೆಸುತ್ತಿದ್ದರು. ಕಾತ್ಸು ಮತ್ತು ಪತಿ ರ್ಯೋಹೇಯ್ ಅದೇ ಹೆಸರಿನಲ್ಲಿ ಅತಾಮಿಯಲ್ಲಿ ಒಂದು ಶಾಖೆ ತೆರೆದರು. ಊರಿನ ವಸತಿಗೃಹಗಳಿಗೆ ತರಕಾರಿ, ಹಣ್ಣು ಒದಗಿಸುವುದು ಅವರ ಮುಖ್ಯ ವ್ಯಾಪಾರ. ಸಾಮಾನು ಮೊದಲು ಹೋಗುತ್ತಿತ್ತು, ದುಡ್ಡು ಆಮೇಲೆ ಬರುತ್ತಿತ್ತು. ಎಲ್ಲವೂ ಉದ್ರಿ ಲೆಕ್ಕ. 1950ರ ಏಪ್ರಿಲ್‌ನಲ್ಲಿ ಅತಾಮಿಯ ನಡುಭಾಗವನ್ನು ಸುಟ್ಟ ಮಹಾ ಬೆಂಕಿಯಲ್ಲಿ ಈ ಅಂಗಡಿಯೂ ಹೋಯಿತು. ದಂಪತಿ ಮತ್ತೆ ತಳದಿಂದ ಕಟ್ಟಿದರು.

ಅವರ ಹಿರಿಯ ಮಗ ಕಾಜುವೊ ವಾದಾ 1929ರಲ್ಲಿ ಹುಟ್ಟಿದವರು. ನಿಹೋನ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಅಂಗಡಿಗೆ ಸೇರಿದರು. 1956ರಲ್ಲಿ ಯಾವೋಹಾನ್ ಉದ್ರಿ ವ್ಯಾಪಾರ ಬಿಟ್ಟು, ಕಡಿಮೆ ದರದಲ್ಲಿ ನಗದು ಮಾರಾಟಕ್ಕೆ ಇಳಿಯಿತು. ದೊಡ್ಡ ಗಿರಾಕಿಗಳಾದ ವಸತಿಗೃಹಗಳ ಮರ್ಜಿ ಕಾಯುವುದರ ಬದಲು ಊರಿನ ಗೃಹಿಣಿಯರನ್ನು ನೆಚ್ಚಿಕೊಂಡಿತು. ಸಂಸ್ಥೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ. ಅಂದಂದಿನ ದುಡ್ಡು ಅಂದಂದೇ ಗಲ್ಲಾಪೆಟ್ಟಿಗೆಗೆ ಬಿದ್ದದ್ದರಿಂದ ಎರಡನೆಯ, ಮೂರನೆಯ ಅಂಗಡಿಗೆ ದಾರಿಯಾಯಿತು. 1962ರಲ್ಲಿ ಕಾಜುವೊ ಅಧ್ಯಕ್ಷರಾದರು. ಅವರ ಕಾಲದಲ್ಲಿ ಅಂಗಡಿಗಳು ಶಿಜುವೊಕಾದ ಪಟ್ಟಣಗಳಿಗೆ ಹರಡಿದವು.

ಕಾತ್ಸು ಬಗ್ಗೆ ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಮಸಾಹರು ತಾನಿಗುಚಿ 1930ರಲ್ಲಿ ಆರಂಭಿಸಿದ ಸೇಯ್ಚೊ-ನೊ-ಇಯೆ ಎಂಬ ಧಾರ್ಮಿಕ ಪಂಥದ ನಿಷ್ಠಾವಂತ ಅನುಯಾಯಿ ಆಕೆ. ಕೃತಜ್ಞತೆ, ದುಡಿಮೆ, ಒಳಿತಿನ ಮೇಲಿನ ನಂಬಿಕೆ ಎಂಬ ಆ ಪಂಥದ ಪಾಠಗಳು ಯಾವೋಹಾನ್ ನೌಕರರ ತರಬೇತಿಯ ಭಾಗವಾದವು. 1983ರ ಏಪ್ರಿಲ್‌ನಿಂದ ಒಂದು ವರ್ಷ ಜಪಾನಿನ ಎನ್‌ಎಚ್‌ಕೆ ವಾಹಿನಿಯಲ್ಲಿ ಬಂದು, ಮುಂದೆ ಹಲವಾರು ದೇಶಗಳಲ್ಲಿ ಜನ ಕಣ್ಣೀರಿಟ್ಟು ನೋಡಿದ 'ಒಶಿನ್' ಧಾರಾವಾಹಿಯ ನಾಯಕಿಗೆ ಕಾತ್ಸು ಒಬ್ಬ ಮಾದರಿ ಎಂಬ ಮಾತು ಪ್ರಚಾರದಲ್ಲಿದೆ. ಸುಗಾಕೊ ಹಶಿದಾ ಬರೆದ ಆ ಕಥೆ ತೆರೆದುಕೊಳ್ಳುವುದೇ ಮಗನ ಸೂಪರ್‌ಮಾರ್ಕೆಟ್ ಸರಣಿಯ 17ನೆಯ ಮಳಿಗೆಯ ಉದ್ಘಾಟನೆಯ ದಿನ, ವಯಸ್ಸಾದ ತಾಯಿ ಯಾರಿಗೂ ಹೇಳದೆ ಮನೆ ಬಿಟ್ಟು ಹೊರಡುವ ಪ್ರಸಂಗದಿಂದ. ಮಗ ಅಳತೆ ಮೀರಿ ಬೆಳೆಸಿದ ವ್ಯಾಪಾರ ಸಾಲದಲ್ಲಿ ಸಿಕ್ಕಿಬೀಳುತ್ತದೆಂಬ ಆತಂಕವೇ ಕಥೆಯ ಕೊನೆಯ ಭಾಗ. ಯಾವೋಹಾನ್ ಮುಳುಗುವುದಕ್ಕೆ ಆಗಿನ್ನೂ ಹದಿಮೂರು ವರ್ಷಕ್ಕೂ ಹೆಚ್ಚು ಕಾಲವಿತ್ತು.

ಹೊರದೇಶಕ್ಕೆ ಹೋಗುವ ಯೋಚನೆ ಬಂದದ್ದು ಬಲದಿಂದಲ್ಲ, ಇಕ್ಕಟ್ಟಿನಿಂದ. ದಾಯೇಯ್, ಇತೊ-ಯೊಕಾದೊ, ಜಸ್ಕೊ, ಸೇಯು ಮುಂತಾದ ರಾಷ್ಟ್ರಮಟ್ಟದ ಸರಣಿಗಳು ಒಂದೊಂದೇ ಪ್ರಾಂತವನ್ನು ಆವರಿಸಿಕೊಳ್ಳುತ್ತಿದ್ದವು. ಅವುಗಳ ಖರೀದಿ ಶಕ್ತಿಯ ಮುಂದೆ ಶಿಜುವೊಕಾದ ಒಂದು ಸರಣಿ ನಿಲ್ಲುವಂತಿರಲಿಲ್ಲ. 1974ರಲ್ಲಿ ದೊಡ್ಡ ಮಳಿಗೆಗಳ ಮೇಲೆ ಹೊಸ ನಿಯಂತ್ರಣ ಕಾಯ್ದೆ ಜಾರಿಗೆ ಬಂದಮೇಲೆ ಜಪಾನಿನಲ್ಲಿ ವಿಶಾಲವಾದ ಅಂಗಡಿ ತೆರೆಯುವುದು ಇನ್ನಷ್ಟು ಕಷ್ಟವಾಯಿತು. ಪೈಪೋಟಿಗಾರರು ಕಾಲಿಡದ ಕಡೆ ಮೊದಲು ಹೋಗುವುದೇ ಕಾಜುವೊ ಕಂಡುಕೊಂಡ ದಾರಿ.

ಮೊದಲ ಹೆಜ್ಜೆ 1971ರಲ್ಲಿ, ಬ್ರೆಜಿಲಿನ ಸಾವೊ ಪಾವ್ಲೊ ನಗರದಲ್ಲಿ. ಅಲ್ಲಿ ಜಪಾನಿ ಮೂಲದ ವಲಸಿಗರ ದೊಡ್ಡ ಸಮುದಾಯವಿತ್ತು. ಸೇಯ್ಚೊ-ನೊ-ಇಯೆ ಪಂಥಕ್ಕೂ ಅವರ ನಡುವೆ ಬೇರುಗಳಿದ್ದವು. ಆರಂಭ ಚೆನ್ನಾಗಿಯೇ ಇತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಬ್ರೆಜಿಲಿನ ಹಣದುಬ್ಬರ, ಬಡ್ಡಿದರ ಎರಡೂ ಏರಿದವು. ಸಾಲ ತಂದು ವಿಸ್ತರಿಸಿದ್ದ ಯಾವೋಹಾನ್ ಆ ಭಾರ ತಾಳಲಾರದೆ ಅಲ್ಲಿಂದ ಹಿಂದೆಗೆಯಿತು. ಸಾಲದ ಮೇಲಿನ ವಿಸ್ತರಣೆ ಏನು ಮಾಡಬಲ್ಲದೆಂಬುದಕ್ಕೆ ಸಿಕ್ಕ ಈ ಮೊದಲ ಎಚ್ಚರಿಕೆಯನ್ನು ಸಂಸ್ಥೆ ಗಟ್ಟಿಯಾಗಿ ಮನಸ್ಸಿಗೆ ತಂದುಕೊಳ್ಳಲಿಲ್ಲ. ಸಿಂಗಪುರದ ಯಶಸ್ಸು ಬ್ರೆಜಿಲಿನ ಸೋಲನ್ನು ಮುಚ್ಚಿಬಿಟ್ಟಿತು.

ಸಿಂಗಪುರದಲ್ಲಿ 1974ರಲ್ಲಿ, ಆರ್ಚರ್ಡ್ ರಸ್ತೆಯ ಪ್ಲಾಜಾ ಸಿಂಗಪುರಾ ಕಟ್ಟಡದಲ್ಲಿ ಮಳಿಗೆ ತೆರೆಯಿತು. 1942ರಿಂದ 1945ರವರೆಗಿನ ಜಪಾನಿ ಸೇನೆಯ ಆಳ್ವಿಕೆಯ ನೋವನ್ನು ಊರು ಮರೆತಿರಲಿಲ್ಲ. ಜಪಾನಿ ಹೆಸರಿನ ಅಂಗಡಿಗೆ ಜನ ಬರುವುದು ಸುಲಭದ ಮಾತಾಗಿರಲಿಲ್ಲ. ಆದರೂ ಬಂದರು. ತರಕಾರಿ, ಮೀನು, ಬಟ್ಟೆ, ಪಾತ್ರೆ, ಆಟಿಕೆ, ಪೀಠೋಪಕರಣ ಎಲ್ಲವೂ ಒಂದೇ ಸೂರಿನಡಿ, ತಂಪು ಗಾಳಿಯಲ್ಲಿ, ನಿಗದಿತ ಬೆಲೆಗೆ ಸಿಗುವುದು ಅಲ್ಲಿನ ಸಾಮಾನ್ಯ ಕುಟುಂಬಗಳಿಗೆ ಹೊಸತು. ಮಳಿಗೆಯಲ್ಲೇ ಬೇಯಿಸಿ ಬಿಸಿಬಿಸಿಯಾಗಿ ಮಾರುತ್ತಿದ್ದ, ಒಳಗೆ ಸಿಹಿ ಹೂರಣವಿರುವ ಆನ್‌ಪಾನ್ ಬನ್ನು ಮನೆಮಾತಾಯಿತು. ಆಗಿನ ಮಕ್ಕಳು ಇಂದಿಗೂ ಯಾವೋಹಾನ್ ಹೆಸರು ಕೇಳಿದೊಡನೆ ಆ ಬನ್ನನ್ನೇ ನೆನೆಯುತ್ತಾರೆ. ಮುಂದೆ ಸಿಂಗಪುರದಲ್ಲೇ ಹಲವು ಶಾಖೆಗಳಾದವು. ಜುರಾಂಗ್‌ನಲ್ಲಿ ಸರಕಾರಿ ಸಂಸ್ಥೆಯ ಜೊತೆ ಸೇರಿ ಕಟ್ಟಿದ ಐಎಂಎಂ ಎಂಬ ಸಗಟು ಮಾರಾಟ ಕೇಂದ್ರ ಈಗಲೂ ಮಾಲ್ ಆಗಿ ನಡೆಯುತ್ತಿದೆ.

ಅಮೆರಿಕದಲ್ಲಿ 1979ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊದಿಂದ ಆರಂಭಿಸಿ ಲಾಸ್ ಏಂಜಲೀಸ್, ಸ್ಯಾನ್ ಹೊಸೆ, ನ್ಯೂಜೆರ್ಸಿಯ ಎಡ್ಜ್‌ವಾಟರ್, ಶಿಕಾಗೊ ಬಳಿಯ ಆರ್ಲಿಂಗ್ಟನ್ ಹೈಟ್ಸ್‌ಗೆ ಹೋಯಿತು. ಇವು ಬಹುಮಟ್ಟಿಗೆ ಜಪಾನಿ ಅಡುಗೆ ಸಾಮಾನಿನ ಅಂಗಡಿಗಳು. ಗಿರಾಕಿಗಳೂ ಮುಖ್ಯವಾಗಿ ಏಷ್ಯಾ ಮೂಲದವರು. ಮಲೇಷ್ಯಾದಲ್ಲೂ ಬ್ರೂನೈಯಲ್ಲೂ 1987ರಲ್ಲಿ, ಥಾಯ್ಲೆಂಡಿನಲ್ಲಿ 1991ರಲ್ಲಿ ಮಳಿಗೆಗಳು ಬಂದವು. 1993ರಲ್ಲಿ ಲಂಡನ್ನಿನ ಕೋಲಿಂಡೇಲ್ ಮತ್ತು ಕೆನಡಾದ ರಿಚ್ಮಂಡ್ ಸರದಿ.

ಸಂಸ್ಥೆಯ ನಿಜವಾದ ಚಿನ್ನದ ಗಣಿ ಹಾಂಗ್‌ಕಾಂಗ್. ದಾಯ್ಮಾರು, ಮಿತ್ಸುಕೋಶಿ, ಮತ್ಸುಜಾಕಾಯಾ ಮುಂತಾದ ಹಳೆಯ ಪ್ರತಿಷ್ಠಿತ ಜಪಾನಿ ಮಳಿಗೆಗಳೆಲ್ಲ ಹಾಂಗ್‌ಕಾಂಗ್ ದ್ವೀಪದ ಕಾಸ್‌ವೇ ಬೇ ಸುತ್ತ ಸೇರಿಕೊಂಡು ಸಿರಿವಂತರಿಗೂ ಪ್ರವಾಸಿಗರಿಗೂ ಮಾರುತ್ತಿದ್ದವು. ಯಾವೋಹಾನ್ ಆ ಕಡೆ ತಲೆಹಾಕಲಿಲ್ಲ. 1984ರ ಡಿಸೆಂಬರಿನಲ್ಲಿ ಅದು ನ್ಯೂ ಟೆರಿಟರೀಸ್‌ನ ಶಾ ಟಿನ್‌ನಲ್ಲಿ, ರೈಲು ನಿಲ್ದಾಣಕ್ಕೆ ಅಂಟಿಕೊಂಡ ನ್ಯೂ ಟೌನ್ ಪ್ಲಾಜಾದಲ್ಲಿ ತೆರೆಯಿತು. ಗದ್ದೆಗಳಿದ್ದ ಜಾಗದಲ್ಲಿ ಸರಕಾರ ಎಬ್ಬಿಸಿದ ಹೊಸ ಪಟ್ಟಣವದು. ಸರಕಾರಿ ವಸತಿ ಸಮುಚ್ಚಯಗಳಿಗೆ ಬಂದ ಎಳೆಯ ಸಂಸಾರಗಳು, ಕೈಯಲ್ಲಿ ಮೊದಲ ಬಾರಿಗೆ ಸ್ವಲ್ಪ ಉಳಿತಾಯ, ಹತ್ತಿರದಲ್ಲಿ ಅಂಗಡಿಯೇ ಇಲ್ಲ. ಜನ ಮುಗಿಬಿದ್ದರು. ಅದೇ ತಿಂಗಳು ಬ್ರಿಟನ್ ಮತ್ತು ಚೀನಾ 1997ರಲ್ಲಿ ಹಾಂಗ್‌ಕಾಂಗನ್ನು ಹಿಂದಿರುಗಿಸುವ ಒಪ್ಪಂದಕ್ಕೆ ಸಹಿ ಹಾಕಿದ್ದವು. ಬಂಡವಾಳಗಾರರು ಹಿಂಜರಿಯುತ್ತಿದ್ದ ಹೊತ್ತಿನಲ್ಲಿ ಯಾವೋಹಾನ್ ಒಳಗೆ ಬಂದಿತು. ತುಯೆನ್ ಮುನ್, ಹುಂಗ್ ಹೋಮ್, ತ್ಸುಯೆನ್ ವಾನ್, ಯುಯೆನ್ ಲಾಂಗ್‌ಗಳಲ್ಲೂ ಇದೇ ಲೆಕ್ಕಾಚಾರ ಫಲಿಸಿತು: ಬೆಳೆಯುತ್ತಿರುವ ಬಡಾವಣೆ, ಜನ ಓಡಾಡುವ ದಾರಿ, ಕೆಳ ಅಂತಸ್ತಿನಲ್ಲಿ ತಾಜಾ ಆಹಾರ, ಮೇಲೆ ಮನೆಗೆ ಬೇಕಾದ ಉಳಿದದ್ದೆಲ್ಲ.

1989ರ ಟಿಯಾನನ್‌ಮೆನ್ ಘಟನೆಯ ನಂತರ ಹಾಂಗ್‌ಕಾಂಗಿನಿಂದ ಜನ ಗುಳೆ ಹೊರಟಿದ್ದಾಗ, 1990ರಲ್ಲಿ ಕಾಜುವೊ ಗುಂಪಿನ ಪ್ರಧಾನ ಕಚೇರಿಯನ್ನೇ ಅಲ್ಲಿಗೆ ತಂದರು. ತಾವೂ ಸಂಸಾರ ಸಮೇತ ಬಂದು, ವಿಕ್ಟೋರಿಯಾ ಪೀಕ್‌ನ ಮೇಲೆ ಸ್ಕೈ ಹೈ ಎಂಬ ಬಂಗಲೆ ಕೊಂಡರು. ಜಪಾನಿನ ಸಂಸ್ಥೆಯೊಂದು ತವರು ಬಿಟ್ಟು ಹೀಗೆ ನೆಲೆ ಬದಲಿಸಿದ್ದು ದೊಡ್ಡ ಸುದ್ದಿಯಾಯಿತು. ಜಪಾನಿನಲ್ಲಿದ್ದ ಮೂಲ ಕಂಪನಿಯನ್ನು ತಮ್ಮಂದಿರ ಕೈಗೆ ಬಿಟ್ಟು, ಅವರು ಚೀನಾದ ಕಡೆ ಮುಖ ಮಾಡಿದರು. ಅವರ ಧೈರ್ಯ ಮೆಚ್ಚಬೇಕಾದದ್ದೇ. ಆದರೆ ತಾಯಿಬೇರು ಒಣಗುತ್ತಿರುವುದನ್ನು ನೋಡುವ ಕಣ್ಣು ಆ ಹೊತ್ತಿಗೆ ದೂರ ಹೋಗಿತ್ತು.

ಚೀನಾ ಆಗಷ್ಟೇ ಚಿಲ್ಲರೆ ವ್ಯಾಪಾರದ ಬಾಗಿಲನ್ನು ವಿದೇಶೀಯರಿಗೆ ಸ್ವಲ್ಪವಾಗಿ ತೆರೆದಿತ್ತು. ಶಾಂಘೈ ನಂ. 1 ಡಿಪಾರ್ಟ್‌ಮೆಂಟ್ ಸ್ಟೋರ್ ಜೊತೆಗಿನ ಯಾವೋಹಾನ್ ಪಾಲುದಾರಿಕೆಗೆ 1992ರಲ್ಲಿ ಅಲ್ಲಿನ ಕೇಂದ್ರ ಸರಕಾರದ ಒಪ್ಪಿಗೆ ಸಿಕ್ಕಿತು. ಈ ಬಗೆಯ ಜಂಟಿ ಮಳಿಗೆಗಳಲ್ಲಿ ಇದೇ ಮೊದಲನೆಯದು. ಹುವಾಂಗ್‌ಪು ನದಿಯ ಪೂರ್ವದಂಡೆಯ ಪುಡಾಂಗ್‌ನಲ್ಲಿ, ಝಾಂಗ್‌ಯಾಂಗ್ ರಸ್ತೆಯಲ್ಲಿ ನೆಕ್ಸ್‌ಟೇಜ್ ಎಂಬ ಬೃಹತ್ ಮಳಿಗೆ ಎದ್ದಿತು. 1995ರ ಡಿಸೆಂಬರ್ 20ರಂದು ಅದು ತೆರೆದಾಗ ಒಂದೇ ದಿನ 10.7 ಲಕ್ಷ ಜನ ಬಂದರೆಂದು ಲೆಕ್ಕ. ಏಷ್ಯಾದಲ್ಲೇ ಅತಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಎಂದು ಅದನ್ನು ಹೊಗಳಲಾಯಿತು. ಆದರೆ ಪುಡಾಂಗ್ ಆಗಿನ್ನೂ ಕ್ರೇನುಗಳ ಬೀಡು. ನೋಡಲು ಬಂದವರಲ್ಲಿ ಕೊಳ್ಳುವ ಶಕ್ತಿಯಿದ್ದವರು ಕಡಿಮೆ. ಶಾ ಟಿನ್‌ನಲ್ಲಿ ಜನ ಮೊದಲು ಬಂದು ನೆಲೆಸಿದ್ದರು, ಅಂಗಡಿ ಆಮೇಲೆ ಬಂದಿತ್ತು. ಪುಡಾಂಗ್‌ನಲ್ಲಿ ಇದು ತಿರುಗುಮುರುಗಾಯಿತು. 2010ರ ಹೊತ್ತಿಗೆ ಚೀನಾದಲ್ಲಿ 1,000 ಸೂಪರ್‌ಮಾರ್ಕೆಟ್ ತೆರೆಯುವ ಗುರಿಯನ್ನೂ ಕಾಜುವೊ ಸಾರಿದ್ದರು. 1996ರಲ್ಲಿ ಪ್ರಧಾನ ಕಚೇರಿ ಶಾಂಘೈಗೆ ಹೋಯಿತು.

ಇಷ್ಟೆಲ್ಲಕ್ಕೂ ಹಣ ಎಲ್ಲಿಂದ? 1980ರ ದಶಕದ ಕೊನೆಯಲ್ಲಿ ಜಪಾನಿನ ಷೇರುಪೇಟೆ ಉಬ್ಬಿ ನಿಂತಿದ್ದಾಗ ಯಾವೋಹಾನ್ ಬ್ಯಾಂಕುಗಳನ್ನು ಬದಿಗಿಟ್ಟು, ಷೇರಾಗಿ ಬದಲಿಸಿಕೊಳ್ಳಬಹುದಾದ ಸಾಲಪತ್ರಗಳನ್ನು ಮಾರಿ ಹಣ ಎತ್ತಿತು. ಷೇರಿನ ಬೆಲೆ ಏರುತ್ತಿದ್ದರೆ ಸಾಲ ಕೊಟ್ಟವರು ಷೇರು ತೆಗೆದುಕೊಳ್ಳುತ್ತಾರೆ. ಅಸಲು ಹಿಂದಿರುಗಿಸುವ ಪ್ರಶ್ನೆಯೇ ಬರುವುದಿಲ್ಲ. ಬೆಲೆ ಇಳಿದರೆ ಮಾತ್ರ ಗಡುವಿನ ದಿನ ಪೂರ್ತಿ ಹಣ ಎಣಿಸಿ ಕೊಡಬೇಕು. 1990ರ ನಂತರ ಪೇಟೆ ಕುಸಿಯಿತು. ಹತ್ತು ಹನ್ನೆರಡು ವರ್ಷ ಕಳೆದರೆ ತಾನೇ ಲಾಭ ಕೊಡಬಲ್ಲ ಮಳಿಗೆಗಳಲ್ಲಿ ಹಣ ಹೂತುಹೋಗಿದ್ದಾಗಲೇ ಸಾಲಪತ್ರಗಳ ಗಡುವು ಬಂದು ನಿಂತಿತು. ಜಪಾನಿನಲ್ಲಿ ಪೈಪೋಟಿ ತೀವ್ರವಾಗಿ ಮೂಲ ಅಂಗಡಿಗಳ ಗಳಿಕೆ ಕುಗ್ಗಿತ್ತು. ಹಿಂದೆ ಬದಿಗಿಟ್ಟಿದ್ದ ಬ್ಯಾಂಕುಗಳು ಕೈಹಿಡಿಯಲು ಮುಂದೆ ಬರಲಿಲ್ಲ. 1997ರಲ್ಲಿ 16 ಒಳ್ಳೆಯ ಮಳಿಗೆಗಳನ್ನು ದಾಯೇಯ್‌ಗೆ ಮಾರಿ ಒಂದಿಷ್ಟು ಹಣ ಹೊಂದಿಸಿದರು. ಅದರಿಂದ ಉಳಿದ ಕಂಪನಿಯ ಗಳಿಕೆ ಮತ್ತಷ್ಟು ಕುಗ್ಗಿತು.

1997ರ ಸೆಪ್ಟೆಂಬರ್ 18ರಂದು ಯಾವೋಹಾನ್ ಜಪಾನ್ ನ್ಯಾಯಾಲಯದ ರಕ್ಷಣೆ ಕೋರಿತು. ಅದರ ಸಾಲ ಸುಮಾರು 16,100 ಕೋಟಿ ಯೆನ್. ಯುದ್ಧಾನಂತರದ ಜಪಾನಿನ ಚಿಲ್ಲರೆ ವ್ಯಾಪಾರದಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ಕುಸಿತ ಆಗಿರಲಿಲ್ಲ. ಎರಡೇ ತಿಂಗಳಲ್ಲಿ ಹಾಂಗ್‌ಕಾಂಗಿನ ಮಳಿಗೆಗಳೂ ಬಾಗಿಲು ಹಾಕಿದವು. ನೌಕರರು ಒಮ್ಮೆಗೇ ಬೀದಿಗೆ ಬಂದರು. ನಷ್ಟ ಮುಚ್ಚಿಟ್ಟು ಲಾಭ ತೋರಿಸಿ ಲಾಭಾಂಶ ಹಂಚಿದ್ದು ಆಮೇಲೆ ಬಯಲಾಗಿ, ಜಪಾನಿನ ಕಂಪನಿಯ ಆಡಳಿತ ನಡೆಸಿದ್ದವರಿಗೆ ಶಿಕ್ಷೆಯಾಯಿತು. ನಂಬಿ ಹಣ ಹಾಕಿದವರಿಗೂ, ವರ್ಷಗಟ್ಟಲೆ ದುಡಿದವರಿಗೂ ಮಾಡಿದ ಈ ಮೋಸಕ್ಕೆ ಪೇಟೆಯ ಕುಸಿತವನ್ನು ನೆಪವಾಗಿ ಹೇಳಲಾಗದು.

ಕಾಜುವೊ ವಾದಾ ಸೋಲಿನ ಹೊಣೆ ಹೊತ್ತು, ಆಸ್ತಿಯನ್ನೆಲ್ಲ ಕಳೆದುಕೊಂಡರು. ಬಳಿಕ ವ್ಯಾಪಾರ ಸಲಹೆಗಾರರಾಗಿ ದುಡಿಯುತ್ತ, ತಮ್ಮ ವೈಫಲ್ಯದ ಪಾಠಗಳ ಬಗ್ಗೆ ಬರೆಯುತ್ತ, ಮಾತನಾಡುತ್ತ ಉಳಿದರು. 2019ರ ಆಗಸ್ಟ್‌ನಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಹುಡುಕಿದ ಜಾಗಗಳು ತಪ್ಪಾಗಿರಲಿಲ್ಲ ಎಂಬುದನ್ನು ಆಮೇಲಿನ ವರ್ಷಗಳು ತೋರಿಸಿವೆ. ಜಪಾನಿನ ಅಂಗಡಿಗಳನ್ನು ಜಸ್ಕೊ, ಅಂದರೆ ಇಂದಿನ ಇಯಾನ್ ಗುಂಪು, ನಿಲ್ಲಿಸಿಕೊಂಡಿತು. 2002ರಲ್ಲಿ ಆ ಕಂಪನಿ ಮ್ಯಾಕ್ಸ್‌ವ್ಯಾಲ್ಯೂ ತೊಕಾಯ್ ಎಂಬ ಹೆಸರು ಪಡೆಯಿತು. ಅಮೆರಿಕದ ಮಳಿಗೆಗಳು ಮಿತ್ಸುವಾ ಮಾರ್ಕೆಟ್‌ಪ್ಲೇಸ್ ಆದವು. ಮಕಾವ್‌ನ ಮಳಿಗೆ ಸ್ಟಾನ್ಲಿ ಹೋ ಅವರ ಕಂಪನಿಯ ಕೈಗೆ ಹೋಗಿ ನ್ಯೂ ಯಾವೋಹಾನ್ ಆಯಿತು. ಶಾ ಟಿನ್ ಮಳಿಗೆಯ ಜಾಗಕ್ಕೆ ಸೇಯು ಬಂದಿತು. ಲಂಡನ್ನಿನದು ಮಾತ್ರ ಓರಿಯೆಂಟಲ್ ಸಿಟಿ ಎಂಬ ಹೆಸರಿನಲ್ಲಿ 2008ರವರೆಗೆ ನಡೆದು ಮುಚ್ಚಿತು. ಪುಡಾಂಗ್‌ನ ಕಟ್ಟಡ ಚೀನೀ ಪಾಲುದಾರರ ಒಡೆತನಕ್ಕೆ ಬಂದು, ಸುತ್ತಲಿನ ಪ್ರದೇಶ ಬೆಳೆದಂತೆ ಶಾಂಘೈನ ಅತಿ ಹೆಚ್ಚು ವ್ಯಾಪಾರವಾಗುವ ಮಳಿಗೆಗಳಲ್ಲಿ ಒಂದಾಯಿತು. ಅದರ ಚೀನೀ ಹೆಸರಿನಲ್ಲಿ ಯಾವೋಹಾನ್ ಎಂಬುದು ಹಾಗೆಯೇ ಉಳಿದಿದೆ.