ಇಲಿ ಪಾಷಾಣದ ಮದ್ದು, ಜೀವಕೋಶದ ಕಾವಲು: ವಿಟಮಿನ್ ಕೆ

ಇಲಿ ಕಾಟ ಹೆಚ್ಚಿದ ತೆಂಗಿನ ತೋಟಗಳಲ್ಲಿ ಮರದ ಸುಳಿಯ ಬಳಿ ಬ್ರೊಮಾಡಿಯೋಲೋನ್ ಬಿಲ್ಲೆ ಇಡುವುದು ಅರಸೀಕೆರೆ ಸೀಮೆಯ ಬೆಳೆಗಾರರಿಗೆ ಹೊಸ ವಿಷಯವಲ್ಲ. ಅದನ್ನು ತಿಂದ ಇಲಿ ಕೂಡಲೇ ಸಾಯದು. ಕೆಲವು ದಿನಗಳಲ್ಲಿ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಅಪ್ಪಿತಪ್ಪಿ ಈ ವಿಷ ಮನುಷ್ಯರ ಹೊಟ್ಟೆ ಸೇರಿದರೆ ವೈದ್ಯರು ಕೊಡುವ ಮದ್ದು ವಿಟಮಿನ್ ಕೆ. ಬೇಲೂರು, ಹಳೇಬೀಡಿನ ಮನೆಗಳಲ್ಲಿ ಮುದ್ದೆಗೆ ಕಲಸುವ ಮಸ್ಸೊಪ್ಪಿನಲ್ಲೂ ಇರುವುದು ಇದೇ ಪೋಷಕಾಂಶ.

ಡೆನ್ಮಾರ್ಕಿನ ಹೆನ್ರಿಕ್ ಡಾಮ್ 1929ರಲ್ಲಿ ಕೊಬ್ಬಿಲ್ಲದ ಮೇವು ತಿಂದ ಕೋಳಿಮರಿಗಳಿಗೆ ರಕ್ತಸ್ರಾವವಾಗುವುದನ್ನು ಕಂಡರು. 1935ರಲ್ಲಿ ಆ ಕೊರತೆಯ ಅಂಶಕ್ಕೆ ‘ಕೆ’ ಎಂದು ಹೆಸರಿಟ್ಟರು. ಅದರ ರಚನೆ ಬಿಡಿಸಿದ ಎಡ್ವರ್ಡ್ ಡಾಯ್ಸಿ ಜೊತೆ 1943ರ ನೊಬೆಲ್ ಹಂಚಿಕೊಂಡರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಲಿಂಕ್, ಕೆಟ್ಟ ಮೇವು ತಿಂದ ದನಗಳ ರಕ್ತ ಹೆಪ್ಪುಗಟ್ಟದ ಕಾರಣ ಹುಡುಕುತ್ತಾ, ವಿಟಮಿನ್ ಕೆಯ ಕೆಲಸಕ್ಕೆ ಅಡ್ಡಿಯಾಗುವ ವಾರ್ಫರಿನ್‌ವರೆಗೆ ಬಂದರು. 1948ರ ಹೊತ್ತಿಗೆ ಅದು ಇಲಿ ಪಾಷಾಣವಾಗಿತ್ತು. ಬ್ರೊಮಾಡಿಯೋಲೋನ್ ಅದೇ ವಂಶದ್ದು.

ಬಹುಕಾಲ ವಿಟಮಿನ್ ಕೆ ಎಂದರೆ ರಕ್ತ ಹೆಪ್ಪುಗಟ್ಟಿಸುವುದು, ಅಷ್ಟೇ. 1974ರಲ್ಲಿ ಅದರ ಕೆಲಸದ ಬಗೆ ತಿಳಿಯಿತು: ಕೆಲವು ಪ್ರೋಟೀನ್‌ಗಳಿಗೆ ಕ್ಯಾಲ್ಸಿಯಂ ಹಿಡಿಯುವ ಶಕ್ತಿ ತುಂಬುವುದು. ಆ ಪ್ರೋಟೀನ್‌ಗಳ ಪಟ್ಟಿಗೆ 1993ರಲ್ಲಿ ಸೇರಿದ ಗ್ಯಾಸ್-6 ನನ್ನ ಮಟ್ಟಿಗೆ ಈ ಕಥೆಯ ನಿಜವಾದ ತಿರುವು. ಸತ್ತ ಕೋಶಗಳನ್ನು ರೋಗನಿರೋಧಕ ಕೋಶಗಳು ಗುರುತಿಸಿ ನುಂಗಲು ಅದು ನೆರವಾಗುತ್ತದೆ, ಉರಿಯೂತದ ಕಾವು ಇಳಿಸುತ್ತದೆ. ಅದು ಅಂಟಿಕೊಳ್ಳುವ ಮೂರು ಗ್ರಾಹಕಗಳೂ ಇಲ್ಲದ ಇಲಿಗಳಲ್ಲಿ ಸತ್ತ ಕೋಶಗಳು ಉಳಿದು, ದೇಹ ತನ್ನ ಮೇಲೆಯೇ ತಿರುಗಿಬಿತ್ತು.

ವಿಟಮಿನ್ ಕೆ ಜೀವಕೋಶವನ್ನು ಕಾಯುವ ಇನ್ನೊಂದು ದಾರಿ ಕಬ್ಬಿಣಕ್ಕೆ ಸಂಬಂಧಿಸಿದ್ದು. ಕೋಶದ ಪೊರೆಯ ಕೊಬ್ಬು ಕಬ್ಬಿಣದ ಪ್ರಭಾವದಲ್ಲಿ ಉತ್ಕರ್ಷಣಗೊಂಡು ಕೋಶ ಸಾಯುವ ಬಗೆಗೆ 2012ರಲ್ಲಿ ‘ಫೆರಾಪ್ಟೋಸಿಸ್’ ಎಂಬ ಹೆಸರು ಬಂತು. 2019ರಲ್ಲಿ ಎರಡು ತಂಡಗಳು ಅದನ್ನು ತಡೆಯುವ ಎಫ್‌ಎಸ್‌ಪಿ-1 ಕಿಣ್ವವನ್ನು ಗುರುತಿಸಿದವು. ಆ ಕಿಣ್ವ ಬಳಸಿಕೊಳ್ಳುವ ಯುಬಿಕ್ವಿನೋನ್ ಎಂಬ ರಾಸಾಯನಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಶರ್ಮ ಅವರ ಸಂಶೋಧನೆಯ ವಸ್ತುವಾಗಿತ್ತು ಎಂಬುದನ್ನು ನಾವು ಮರೆಯಬಾರದು. ಮುಂದೆ 2022ರಲ್ಲಿ ಮಿಶಿಮಾ ಮತ್ತು ಕಾನ್ರಾಡ್ ಎಂಬ ಸಂಶೋಧಕರ ತಂಡ ತೋರಿಸಿದ್ದು ಇದು: ಅದೇ ಕಿಣ್ವ ವಿಟಮಿನ್ ಕೆಯನ್ನೂ ಸಕ್ರಿಯ ರೂಪಕ್ಕೆ ತರುತ್ತದೆ, ಆ ರೂಪ ಪೊರೆಯ ಕೊಬ್ಬನ್ನು ಕಾಯುತ್ತದೆ. ರಕ್ತಪೂರೈಕೆ ನಿಂತು ಮರಳಿದಾಗ ಇಲಿಗಳ ಯಕೃತ್ತು, ಮೂತ್ರಪಿಂಡಗಳಿಗಾಗುವ ಹಾನಿಯನ್ನು ವಿಟಮಿನ್ ಕೆ ತಗ್ಗಿಸಿತು. ಹಳೆಯ ಒಗಟೂ ಇಲ್ಲೇ ಬಿಡಿಸಿಕೊಂಡಿತು. ವಾರ್ಫರಿನ್ ವಿಟಮಿನ್ ಕೆಯ ಮಾಮೂಲಿ ಹಾದಿ ಕಟ್ಟಿದರೂ ಹೆಚ್ಚು ಪ್ರಮಾಣದ ವಿಟಮಿನ್ ಹೇಗೆ ಜೀವ ಉಳಿಸುತ್ತದೆ? ವಾರ್ಫರಿನ್‌ಗೆ ಬಗ್ಗದ ಈ ಕಿಣ್ವದ ಮೂಲಕ.

ಹಾಗೆಂದು ಮಾತ್ರೆ ನುಂಗಲು ಹೊರಡಬಾರದು. ಅಮೆರಿಕದ ಹಿರಿಯ ನಾಗರಿಕರಿಗೆ ಮೂರು ವರ್ಷ ವಿಟಮಿನ್ ಕೆ ಕೊಟ್ಟು ನೋಡಿದ ಪ್ರಯೋಗದಲ್ಲಿ ರಕ್ತದ ಉರಿಯೂತ ಸೂಚಕಗಳು ಬದಲಾಗಲಿಲ್ಲ. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಹೃದಯದ ಕವಾಟ ಬದಲಿಸಿಕೊಂಡು, ವಾರ್ಫರಿನ್‌ನಂತೆಯೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಮಾತ್ರೆ ನುಂಗುತ್ತಿರುವವರು ಸೊಪ್ಪು ಬಿಡಬೇಕಿಲ್ಲ. ಆದರೆ ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು, ವೈದ್ಯರನ್ನು ಕೇಳದೆ ವಿಟಮಿನ್ ಕೆ ತೆಗೆದುಕೊಳ್ಳಲೇಬಾರದು. ಕ್ಯಾನ್ಸರ್ ಕೋಶಗಳೂ ಸಾವು ತಪ್ಪಿಸಿಕೊಳ್ಳಲು ಎಫ್‌ಎಸ್‌ಪಿ-1 ಬಳಸಿಕೊಳ್ಳಬಲ್ಲವು. ಆದ್ದರಿಂದ ಅದನ್ನು ತಡೆಯುವ ಔಷಧಗಳನ್ನೂ ಸಂಶೋಧಕರು ಈಗ ಹುಡುಕುತ್ತಿದ್ದಾರೆ.