ಶತ್ರುವಿನ ವೃತ್ತಪತ್ರಿಕೆ

ನಾಡನ್ನು ಗೆಲ್ಲುವುದಕ್ಕೆ ಸೈನ್ಯ ಸಾಕು. ಗೆದ್ದ ನಾಡಿನ ಜನರ ಮನಸ್ಸನ್ನು ಗೆಲ್ಲುವುದಕ್ಕೆ ಸೈನ್ಯವೊಂದೇ ಸಾಲದು. ಇದನ್ನರಿತು, ಕೋವಿಯ ಜೊತೆಗೆ ಅಚ್ಚಿನ ಮೊಳೆಯನ್ನೂ ಕೈಗೆತ್ತಿಕೊಂಡವರು ಮೊದಲನೆಯ ಮಹಾಯುದ್ಧದ ಕಾಲದ ಜರ್ಮನ್ ಸೇನಾಧಿಕಾರಿಗಳು. ಅವರು ಫ್ರಾನ್ಸಿನಲ್ಲಿ ನಡೆಸಿದ ಒಂದು ಪತ್ರಿಕೆಯ ವೃತ್ತಾಂತವನ್ನು ಇಲ್ಲಿ ಪರಿಶೀಲಿಸೋಣ.

1914ನೆಯ ಇಸವಿಯ ಕೊನೆಯ ಹೊತ್ತಿಗೆ ಫ್ರಾನ್ಸಿನ ಉತ್ತರ ಮತ್ತು ಈಶಾನ್ಯ ಭಾಗಗಳಲ್ಲಿ 10 ಜಿಲ್ಲೆಗಳು, ಪೂರ್ಣವಾಗಿಯೋ ಭಾಗಶಃವಾಗಿಯೋ, ಜರ್ಮನರ ವಶವಾಗಿದ್ದುವು. ಸುಮಾರು 20 ಲಕ್ಷ ಜನರು ರಣರಂಗದ ಆಚೆ ಸಿಕ್ಕಿಕೊಂಡರು. ಪ್ಯಾರಿಸಿನ ಪತ್ರಿಕೆಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ; ಸ್ವಜನರೊಡನೆ ಕಾಗದದ ವ್ಯವಹಾರವೂ ಬಹುಮಟ್ಟಿಗೆ ನಿಂತುಹೋಯಿತು. ಈ ಸುದ್ದಿಯ ಬರಗಾಲದಲ್ಲಿ, ಜರ್ಮನರ ಪ್ರಧಾನ ಸೇನಾಕಾರ್ಯಾಲಯವಿದ್ದ ಶಾರ್ಲವಿಲ್ ಎಂಬ ಊರಿನಿಂದ, ಆ ವರ್ಷದ ನವೆಂಬರಿನಲ್ಲಿ ‘ಗಜೆಟ್ ದೆಜ್ ಆರ್ದೆನ್’ ಎಂಬ ಪತ್ರಿಕೆಯು ಹೊರಟಿತು. ಭಾಷೆ ಫ್ರೆಂಚರದು, ಒಡೆತನ ಜರ್ಮನರದು. ಆರಂಭದಲ್ಲಿ ಸುಮಾರು 4,000ವಿದ್ದ ಪ್ರತಿಗಳ ಸಂಖ್ಯೆಯು ಯುದ್ಧವು ಮುಗಿಯುವುದರೊಳಗೆ 1,50,000ವನ್ನು ಮೀರಿತು.

ಶತ್ರುವಿನ ಪತ್ರಿಕೆಯನ್ನು ಇಷ್ಟು ಜನರು ಕೊಂಡುದೇಕೆ? ಜರ್ಮನಿಯಲ್ಲಿ ಸೆರೆಯಾಗಿದ್ದ ಫ್ರೆಂಚ್ ಸಿಪಾಯಿಗಳ ಹೆಸರುಗಳು ಅದರಲ್ಲಿ ಅಚ್ಚಾಗುತ್ತಿದ್ದುವು. ಮಗನು ಬದುಕಿರುವನೋ ಇಲ್ಲವೋ ಎಂಬುದನ್ನರಿಯದ ತಾಯಿಗೆ ಆ ಪಟ್ಟಿಗಿಂತ ದೊಡ್ಡ ಸುದ್ದಿ ಯಾವುದಿದ್ದೀತು? ಸಂಪಾದಕರು ಈ ಹಂಬಲವನ್ನು ಬಲ್ಲವರಾಗಿದ್ದರು. ಪಟ್ಟಿ ನಿಜವಾದುದು, ಅದರ ಮಗ್ಗುಲಿನಲ್ಲಿದ್ದ ಲೇಖನವು, ಇಂಗ್ಲೆಂಡು ಸ್ವಾರ್ಥಕ್ಕಾಗಿ ಫ್ರಾನ್ಸನ್ನು ಬಲಿಗೊಡುತ್ತಿದೆಯೆಂದು ಬೋಧಿಸುತ್ತಿದ್ದಿತು. ಫ್ರೆಂಚರ ಮತ್ತು ಅವರ ಮಿತ್ರರ ಗುಂಡಿಗೆ ಸಿಕ್ಕಿ ಮಡಿದ ಊರ ಜನರ ಹೆಸರುಗಳನ್ನೂ ಅದು ಪ್ರಕಟಿಸಿತು. ಸತ್ತವರು ಸತ್ತದ್ದು ದಿಟ. ಆ ಯುದ್ಧವನ್ನು ಅವರ ಮನೆಯ ಬಾಗಿಲಿಗೆ ತಂದವರು ಯಾರೆಂಬುದನ್ನು ಮಾತ್ರ ಪತ್ರಿಕೆಯು ಹೇಳಲಿಲ್ಲ. ನಿಜದ ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳುವುದೆಂದು ನಮ್ಮಲ್ಲಿ ಒಂದು ಮಾತುಂಟು. ಇಲ್ಲಿನ ಜಾಣ್ಮೆ ಅದಕ್ಕಿಂತ ಸೂಕ್ಷ್ಮವಾದುದು: ನಿಜವನ್ನೇ ಸುಳ್ಳಿನ ವಾಹನವಾಗಿ ಹೂಡಿದರು.

ಕೊಂಡವರೆಲ್ಲರೂ ನಂಬಿದರೆಂದು ನಾವು ತಿಳಿಯಬಾರದು. ನೂಲು ಬಟ್ಟೆಗಳ ಗಿರಣಿಗಳಿಗೆ ಹೆಸರಾದ ರೂಬೆ ನಗರದಲ್ಲಿ ಪಿಂತ್ ಎಂಬ ಪಾದ್ರಿಯು ಗುಟ್ಟಾಗಿ ಒಂದು ನಿಸ್ತಂತು ಯಂತ್ರವನ್ನಿಟ್ಟುಕೊಂಡು, ಪ್ಯಾರಿಸಿನ ಐಫೆಲ್ ಗೋಪುರದಿಂದ ಬರುತ್ತಿದ್ದ ಸಂಕೇತಧ್ವನಿಗಳನ್ನು ಆಲಿಸಿ ಬರೆದುಕೊಳ್ಳುತ್ತಿದ್ದನು. ಆ ವಾರ್ತೆಗಳನ್ನು ಔಷಧವ್ಯಾಪಾರಿ ಜೋಸೆಫ್ ವಿಲ್ಲೋ, ಗಿರಣಿಯ ಒಡೆಯ ಫಿರ್ಮಿನ್ ದ್ಯುಬಾರ್ ಮೊದಲಾದವರು ಸಣ್ಣ ಹಾಳೆಗಳಾಗಿ ಮಾಡಿ ಕೈಯಿಂದ ಕೈಗೆ ಹಂಚಿಸಿದರು. 1916ರ ಕೊನೆಯಲ್ಲಿ ಅವರು ಸಿಕ್ಕಿಬಿದ್ದು ಸೆರೆಗೆ ಹೋದರು. ಸೆರೆಯಲ್ಲಿ ದೇಹವು ಜರ್ಝರಿತವಾದ ವಿಲ್ಲೋ ಬಿಡುಗಡೆಯ ತರುವಾಯ ಬಹುಕಾಲ ಬದುಕಲಿಲ್ಲ, 1919ರಲ್ಲಿ ತೀರಿಕೊಂಡನು. ಒಂದು ಹಾಳೆ ಸುದ್ದಿಗೆ ತೆತ್ತ ಬೆಲೆ ಅದು.

1918ರ ನವೆಂಬರಿನಲ್ಲಿ ಜರ್ಮನರು ಹಿಮ್ಮೆಟ್ಟಿದರು. ಅವರೊಡನೆ ಪತ್ರಿಕೆಯೂ ಅಡಗಿತು. ಸೈನ್ಯದ ಆಸರೆಯಿಂದ ನಿಂತಿದ್ದುದು ಸೈನ್ಯದೊಡನೆಯೇ ಹೋಯಿತು. ಆದರೆ ಅದು ಬಿಟ್ಟುಹೋದ ಪಾಠವು ಓದುವವರೆಲ್ಲರಿಗೂ, ಆಲಿಸುವವರೆಲ್ಲರಿಗೂ ಸಲ್ಲತಕ್ಕುದು. ಒಂದು ಸುದ್ದಿಯು ನಿಜವೇ ಎಂದು ಕೇಳಿದರಷ್ಟೇ ಸಾಲದು. ಆ ನಿಜವನ್ನು ನಮಗೆ ಹೇಳುತ್ತಿರುವವರು ಯಾರು, ಅದರ ಜೊತೆಗೆ ಹೇಳದೆ ಬಿಟ್ಟುದೇನು ಎಂಬುದನ್ನೂ ನಾವು ವಿಚಾರಿಸಬೇಕು.